ಬಿ ಸೈಡಿನ ಕೊನೆಯ ನಾಲ್ಕು ನಿಮಿಷ

ಅರಸೀಕೆರೆ
9 ಜೂನ್ 2025

ಪುಷ್ಪರಾಜ್ ಅವರಿಗೆ ನಮಸ್ಕಾರ.

ನಾನು ಕಣಕಟ್ಟೆಯ ಮಾಲಿನಿ. ಉದಯಕುಮಾರನ ಅಕ್ಕ. ಇಷ್ಟು ಓದಿದ ಮೇಲೆ ಉಳಿದದ್ದನ್ನು ನೀವು ಓದುತ್ತೀರೋ ಇಲ್ಲವೋ ತಿಳಿಯದು.

ಮೊದಲು ಫೋನ್ ಮಾಡಿದೆ. ನಿಮ್ಮ ಮನೆಯವರು ಎತ್ತಿದರು. "ಅವ್ರಿಗೆ ಕಿವಿ ಕೇಳ್ಸಲ್ಲ ಮೇಡಂ, ಐದು ವರ್ಷ ಆಯ್ತು" ಅಂದರು. ಮೆಸೇಜ್ ಕಳಿಸಲೇ ಎಂದೆ. "ಫೋನು ಕಂಡ್ರೇ ಆಗಲ್ಲ. ಕಾಗ್ದ ಬಂದ್ರೆ ಮಾತ್ರ ಓದ್ತಾರೆ" ಅಂದರು. ಅದಕ್ಕೇ ಈ ಕಾಗದ. ನಿಮ್ಮ ಕಿವಿಯ ವಿಷಯ ನನಗೆ ಗೊತ್ತಿರಲಿಲ್ಲ. ಸಂಗೀತದ ಅಂಗಡಿ ನಡೆಸಿದವರಿಗೆ ಹೀಗಾಗಬಾರದಿತ್ತು ಎಂದು ಬರೆಯಲು ಹೊರಟು ನಿಲ್ಲಿಸಿದೆ. ಯಾರಿಗೂ ಆಗಬಾರದು.

ವಿಷಯ ಇಷ್ಟು. ಹೇಮಾಶ್ರೀ ಎಂಬ ನನ್ನ ಹಳೆಯ ವಿದ್ಯಾರ್ಥಿನಿ ಒಂದು ಸಣ್ಣ ಮಾಸಪತ್ರಿಕೆ ನಡೆಸುತ್ತಾಳೆ. ಆ ಬೂದು ಬಣ್ಣದ ಹೊದಿಕೆಯ, ನು-ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಆಲ್ಬಂ ಹೊರಬಂದು ಈ ಅಕ್ಟೋಬರಿಗೆ ಇಪ್ಪತ್ತೈದು ವರ್ಷ. ಅಮೆರಿಕದ ಆರು ಹುಡುಗರು ಕೂಗಿದ ಹಾಡುಗಳು ಅರಸೀಕೆರೆಯ ಹುಡುಗರಿಗೆ ಯಾಕೆ ಬೇಕಾದವು, ಇವತ್ತಿಗೂ ಯಾಕೆ ಬೇಕಾಗಿವೆ ಎಂದು ಬರೆದುಕೊಡಿ ಅಂದಳು. ಕವಿತೆ ಪಾಠ ಮಾಡುವ ನನಗೆ ಇದು ಯಾಕೆ ಎಂದೆ. "ನೀವೇ ಕ್ಲಾಸಲ್ಲಿ ಒಂದ್ಸಲ ಹೇಳಿದ್ರಲ್ಲ ಮಿಸ್, ಮನೇಲಿ ಆ ಕ್ಯಾಸೆಟ್ ಇತ್ತು ಅಂತ" ಅಂದಳು. ಹೌದು, ಹೇಳಿದ್ದೆ. ಇತ್ತು ಎಂದಷ್ಟೇ.

ನನಗೆ ಬೇಕಾದದ್ದು ಕೆಲವು ವಿವರ. ಮೂಲ ಕ್ಯಾಸೆಟ್ಟು ಆಗ ಇಲ್ಲಿದ್ದ ನಿಮ್ಮ ಚಂದ್ರಪ್ರಭ ಆಡಿಯೋ ಅಂಗಡಿಗೆ ಎಲ್ಲಿಂದ ಬಂತು? ಸುಮಾರು ಎಷ್ಟು ಜನರಿಗೆ ರೆಕಾರ್ಡ್ ಮಾಡಿಕೊಟ್ಟಿರಿ? ಅವರಿಗೆ ಅದರಲ್ಲಿ ಏನು ಹಿಡಿಸಿತ್ತು? ಇನ್ನೊಂದು, ಸಣ್ಣದು. ನಲವತ್ತಾರು ನಿಮಿಷದ ಟೇಪಿಗೆ ತುಂಬಿದರೆ ಬಿ ಸೈಡಿನ ಕೊನೆಯಲ್ಲಿ ಎಷ್ಟು ಜಾಗ ಉಳಿಯುತ್ತಿತ್ತು?

ಬರೆಯಲು ಮನಸ್ಸಿಲ್ಲದಿದ್ದರೆ ಬೇಡ. ನನಗೂ ಈಗ ಯಾವುದನ್ನೂ ಒತ್ತಾಯ ಮಾಡುವ ತ್ರಾಣವಿಲ್ಲ.

ಮಾಲಿನಿ


ಹಳೇಬೀಡು
23 ಜೂನ್ 2025

ಮೇಡಂ ಅವರಿಗೆ,

ಕಾಗದ ತಲುಪಿತು. ನಲವತ್ತೈದು ಕಿಲೋಮೀಟರಿಗೆ ಐದು ದಿನ ತೆಗೆದುಕೊಂಡಿದೆ.

ಮೂಲ ಕ್ಯಾಸೆಟ್ಟು ಬೆಂಗಳೂರಿನಿಂದ ಬಂದದ್ದು. ರೈಲಿನಲ್ಲಿ ಓಡಾಡುತ್ತಿದ್ದ ಗಿರಾಕಿಯೊಬ್ಬರಿಗೆ ಹೇಳಿ ತರಿಸಿದ್ದೆ. 2001ರ ಯುಗಾದಿ ಹೊತ್ತಿಗೆ. ನಾನು ಮಾಡಿಕೊಟ್ಟ ಪ್ರತಿ ಮುನ್ನೂರಕ್ಕೆ ಕಡಿಮೆ ಇಲ್ಲ. ಕಡೂರು, ತಿಪಟೂರಿನಿಂದಲೂ ಬಂದು ಮಾಡಿಸಿಕೊಂಡು ಹೋಗುತ್ತಿದ್ದರು. ಹಾಡಿನ ಹೆಸರುಗಳನ್ನು ನಾನೇ ಕೈಯಲ್ಲಿ ಬರೆದುಕೊಡುತ್ತಿದ್ದೆ.

ಏನು ಹಿಡಿಸಿತ್ತು ಎಂದರೆ, ಅದರಲ್ಲಿ ಒಂದು ಉಪಾಯವಿದೆ. ಹಾಡುವವನು ಮೊದಲ ಎರಡು ಸಾಲನ್ನು ಪಿಸುಗುಡುತ್ತಾನೆ. ಏನು ಹೇಳುತ್ತಿದ್ದಾನೆ ಎಂದು ನೀವು ವಾಲ್ಯೂಮ್ ಏರಿಸುತ್ತೀರಿ. ಮೂರನೆಯ ಸಾಲಿಗೆ ಅವನು ಕಿರುಚುತ್ತಾನೆ. ಆಗ ಸದ್ದು ಕಡಿಮೆ ಮಾಡಲು ಕೈ ಬರುವುದಿಲ್ಲ. ಆ ಸದ್ದನ್ನು ನೀವೇ ಕರೆದ ಹಾಗಾಗಿರುತ್ತದೆ. ಅಷ್ಟೇ.

ಆ ಕ್ಯಾಸೆಟ್ಟಿನ ಬಗ್ಗೆ ಒಳ್ಳೆಯದನ್ನು ಬರೆಯಬೇಡಿ ಎಂದು ನನ್ನ ಕೋರಿಕೆ. ಅದರ ಸದ್ದಿನಲ್ಲಿ ಒಂದು ರೈಲು ಕೇಳಿಸಲಿಲ್ಲ. ಇದು ನಿಮಗೆ ನಾನು ಹೇಳಬೇಕಾದ ಮಾತಲ್ಲ. ತಪ್ಪು ನನ್ನದು ಎಂದು ಆಗಲೇ ಒಪ್ಪಿಕೊಂಡಿದ್ದೇನೆ, ಈಗಲೂ ಒಪ್ಪುತ್ತೇನೆ. ಅದನ್ನೇ ಮತ್ತೆ ನನ್ನಿಂದ ಹೇಳಿಸಲು ಇಷ್ಟು ದೂರದಿಂದ ಬರೆಯಬೇಕಾಗಿರಲಿಲ್ಲ.

ಇಂತಿ,
ಪುಷ್ಪರಾಜ್


ಅರಸೀಕೆರೆ
2 ಜುಲೈ 2025

ಪುಷ್ಪರಾಜ್ ಅವರಿಗೆ,

ನಿಮ್ಮ ಅಕ್ಷರ ಹಾಗೆಯೇ ಇದೆ. ಕ್ಯಾಸೆಟ್ಟಿನ ಒಳಗಿನ ಚೀಟಿಯ ಮೇಲೆ ಇಂಗ್ಲಿಷ್ ಹಾಡಿನ ಹೆಸರನ್ನು ಕನ್ನಡದಲ್ಲಿ ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದಿರಲ್ಲ, ಆ ಗೆರೆ ಸಮೇತ. ಆದರೆ ಕೊನೆಯ ಸಾಲು ಓದಿ ಕಾಗದವನ್ನು ಮಡಿಸಿ ಇಟ್ಟುಬಿಟ್ಟೆ. ನಿಮಗೆ ಸಿಟ್ಟಿದೆ. ಇರಬೇಕಾದದ್ದೇ. ನಾನು ನಿಮ್ಮನ್ನು ಮತ್ತೆ ದೂರಲು ಬರೆದವಳಲ್ಲ.

ಅಪ್ಪ ಹೋಗಿ ಆರು ವರ್ಷವಾಯಿತು. ಅವ್ವ ಈ ಶಿವರಾತ್ರಿಯ ವಾರದಲ್ಲಿ ಹೋದರು. ನಿಮಗೆ ಅವ್ವನ ನೆನಪಿರಬಹುದು, ರುದ್ರಮ್ಮ ಅಂತ. ಅಪ್ಪ ಹೋದ ಮೇಲೆ ಇಲ್ಲಿ ನನ್ನ ಜೊತೆಯಲ್ಲೇ ಇದ್ದರು. ದೀಪ ಹಚ್ಚಿದ ಮೇಲೆ ದಿನಾ ಒಂದು ಮಾತು ಹೇಳುತ್ತಿದ್ದರು: "ಹಾಡು ಕೇಳ್ತಾ ಕೇಳ್ತಾ ಹೋದ ನನ್ ಮಗ. ಅವ್ನಿಗೆ ಏನೂ ಗೊತ್ತೇ ಆಗ್ಲಿಲ್ಲ." ಮಂತ್ರದ ಹಾಗೆ. ಆ ಮಾತಿನ ಮೇಲೆ ಅವರು ಇಪ್ಪತ್ತೆರಡು ವರ್ಷ ನಿಂತಿದ್ದರು.

ಹೋದ ವಾರ ತರಗತಿಯಲ್ಲಿ ಈ ಆಲ್ಬಂ ಯಾರಾದರೂ ಕೇಳಿದ್ದೀರಾ ಎಂದೆ. ನಲವತ್ತು ಮಂದಿಯಲ್ಲಿ ಒಂಬತ್ತು ಕೈ ಎದ್ದವು. ಅವರು ಯಾರೂ ಆಗ ಹುಟ್ಟಿರಲಿಲ್ಲ. ದಿವ್ಯಾ ಎಂಬ ಹುಡುಗಿ ಬಾಣಾವರದಿಂದ ಬರುತ್ತಾಳೆ, ಬಾಯಿ ಜೋರು. ಏನು ಇಷ್ಟವಮ್ಮ ಎಂದರೆ, "ಮಿಸ್, ಬೇರೆ ಹಾಡೆಲ್ಲ ಎಲ್ಲಾ ಸರಿಹೋಗುತ್ತೆ ಅಂತ ಹೇಳ್ತವೆ. ಇವನು ಬುದ್ಧಿ ಹೇಳಲ್ಲ. ನನಗೂ ಆಗ್ತಿಲ್ಲ ಅಂತಾನೆ, ಅಷ್ಟೇ. ಅದಕ್ಕೇ" ಅಂದಳು. ಹಿಂದಿನ ಬೆಂಚಿನ ಹುಡುಗ, "ಬುದ್ಧಿ ಹೇಳೋಕೆ ನಮ್ ಮಿಸ್ ಇದ್ದಾರಲ್ಲ ಕಣೇ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ಆದ್ರೆ ಮಿಸ್, ನಮ್ಮಪ್ಪ ಇದನ್ನ ಜೋರಾಗಿ ಹಾಕೋಕೆ ಬಿಡಲ್ಲ. ಈ ಹಾಡು ಕೇಳ್ತಾ ಹಿಂದೆ ಒಬ್ಬ ಇಲ್ಲಿ ಅರಸೀಕೆರೆ ಸ್ಟೇಷನ್ ಹತ್ರಾನೇ ರೈಲಿಗೆ ಸಿಕ್ಕಿದ್ನಂತೆ. ಹುಡುಗನ್ನ ತಿಂದ ಕ್ಯಾಸೆಟ್ಟು ಅಂತಾರೆ."

ನಾನು ಹಾಜರಿ ಪುಸ್ತಕ ತೆಗೆದು ಹೆಸರು ಕೂಗಿದೆ. ಆಗಲೇ ಒಂದು ಸಲ ಕೂಗಿ ಮುಗಿಸಿದ್ದೆ.

ಬಿ ಸೈಡಿನ ಪ್ರಶ್ನೆಗೆ ನೀವು ಉತ್ತರಿಸಿಲ್ಲ.

ಮಾಲಿನಿ


ಹಳೇಬೀಡು
20 ಜುಲೈ 2025

ಮಾಲಿನಿಯವರೇ,

ಸಿಟ್ಟಿನಿಂದ ಬರೆದದ್ದಲ್ಲ. ನೀವು ಸಿಟ್ಟಿನಿಂದ ಕೇಳಿದ್ದೀರಿ ಎಂದುಕೊಂಡು ಬರೆದದ್ದು. ನಿಮ್ಮ ತಾಯಿಯವರು ಹೋದದ್ದು ತಿಳಿದಿರಲಿಲ್ಲ. ನಿಮ್ಮ ಅಂಚೆ ಬಂದ ದಿನ ಬಸದಿಗೆ ಹೋಗಿ ಸ್ವಲ್ಪ ಹೊತ್ತು ಕುಳಿತು ಬಂದೆ.

ನಾನು ಈಗ ಕಲ್ಲಿನ ಮೇಲೆ ಅಕ್ಷರ ಬರೆದುಕೊಡುತ್ತೇನೆ. ದಾನಿಗಳ ಹೆಸರು, ಶಂಕುಸ್ಥಾಪನೆಯ ತಾರೀಕು. ನಾನು ಬಣ್ಣದಲ್ಲಿ ಬರೆದದ್ದನ್ನು ಇನ್ನೊಬ್ಬರು ಕೆತ್ತುತ್ತಾರೆ. ಅದಕ್ಕೆ ಕಿವಿ ಬೇಡ. ಉಳಿ ಬಡಿಯುವ ಸದ್ದು ನನಗಿಲ್ಲ, ಅದೂ ಒಂದು ಅನುಕೂಲ. ಸಂಜೆ ಹೊತ್ತು ಮುಳುಗುವ ಮೊದಲು ನಮ್ಮಲ್ಲಿ ಊಟ. ಊಟಕ್ಕೆ ಕರೆಯಲು ಚಂದ್ರಮತಿ ನಾನು ಕೂತಿರುವ ಕೋಣೆಯ ಲೈಟನ್ನು ಹಾಕಿ ಆರಿಸಿ ಮಾಡುತ್ತಾಳೆ. ಅವಳಿಗೆ ಸಿಟ್ಟು ಬಂದಿದ್ದರೆ ಐದಾರು ಸಲ.

ನೀವು ಕೇಳಿಲ್ಲ, ಆದರೂ ಉದಯನ ಬಗ್ಗೆ ಬರೆಯುತ್ತೇನೆ. ಕಾಲೇಜು ಬಿಟ್ಟ ಮೇಲೆ ಕಣಕಟ್ಟೆ ಬಸ್ಸು ಬರುವ ತನಕ ನಮ್ಮ ಅಂಗಡಿಯ ಸ್ಟೂಲು ಅವನದು. ಹಾಡು ಹಾಕಿದರೆ ಅರ್ಥ ಕೇಳುತ್ತಿದ್ದ, ನನಗೆಲ್ಲಿ ಬರಬೇಕು! ಒಂದು ದಿನ "ಪುಷ್ಪಣ್ಣ, ಇವ್ನು ಯಾರಿಗ್ ಬೈತಾವ್ನೆ ಅಂತ ಗೊತ್ತಾದ್ರೆ ಸಾಕು, ನಾನೂ ಒಂದೆರಡು ಸೇರಿಸ್ತೀನಿ" ಅಂದ. ಇನ್ನೊಂದು ದಿನ ಮನೆಯ ಕಥೆ ಹೇಳಿ ನಗಿಸಿದ. ತೋಟದ ಪಂಪ್ ಮನೆಯಲ್ಲಿ ಹಾಡು ಹಾಕಿದ್ದನಂತೆ. ನಿಮ್ಮ ತಂದೆ ಓಡಿ ಬಂದು, "ಏನ್ಲಾ ಅದು, ರಾಗಿ ಮಿಷನ್ನಿಗೆ ಕಲ್ಲು ಸಿಕ್ಕಂಗೈತೆ! ಮೋಟ್ರು ಸುಟ್ಟೋಯ್ತು ಅಂದ್ಕೊಂಡೆ!" ಅಂದರಂತೆ. ಅದನ್ನು ಹೇಳುವಾಗ ನಿಮ್ಮ ತಂದೆಯ ಹಾಗೆಯೇ ಪಂಚೆ ಎತ್ತಿ ಕಟ್ಟಿ ತೋರಿಸಿದ್ದ.

ಅವನ ವಾಕ್‌ಮನ್‌ಗೆ ಆ ಟೇಪು ತುಂಬಿಕೊಟ್ಟವನು ನಾನು. ಅದು ಹೋಗಲಿ. ಅವನು ಹೋದ ಮೂರನೇ ದಿನ ನಿಮ್ಮ ತಂದೆ ಅಂಗಡಿಗೆ ಬಂದದ್ದು ನಿಮಗೂ ನೆನಪಿದೆ, ನೀವು ಹಿಂದೆಯೇ ನಿಂತಿದ್ದಿರಿ. ಕ್ಯಾಸೆಟ್ಟನ್ನು ನನ್ನ ಮುಖಕ್ಕೆ ಹಿಡಿದು, "ನೋಡು, ಅರ್ಧ ಹಾಡಲ್ಲಿ ನಿಂತೈತೆ. ಅರ್ಧ ಹಾಡಲ್ಲಿ ನನ್ ಮಗನ್ನ ಹೊತ್ಕೊಂಡ್ ಹೋಯ್ತು" ಅಂದರು. ಎರಡೂ ಕಡೆ ಸಮಸಮ ಸುತ್ತಿದ್ದ ಟೇಪನ್ನು ಕ್ಯಾಸೆಟ್ಟಿನ ಕಿಟಕಿಯಲ್ಲಿ ನಾನು ಕಣ್ಣಾರೆ ಕಂಡೆ. ಅದಕ್ಕೆ ಎದುರು ಹೇಳಲು ಏನಿತ್ತು? ಶ್ರಾವಣ ಮುಗಿಯುವ ಮುಂಚೆ ಅಂಗಡಿ ಮುಚ್ಚಿದೆ.

ನಮ್ಮಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಎಲ್ಲರಲ್ಲೂ ಕ್ಷಮೆ ಕೇಳುವ ರೂಢಿ. ನಾನು ಊರಿನವರಲ್ಲಿ ಬಾಯಲ್ಲಿ ಕೇಳುತ್ತೇನೆ. ಕಾರ್ಡು ಬರೆಯುತ್ತಿದ್ದದ್ದು ಒಂದೇ ವಿಳಾಸಕ್ಕೆ, ಕಣಕಟ್ಟೆಗೆ. ಇಪ್ಪತ್ತಮೂರು ಕಾರ್ಡು. ಉತ್ತರ ಬರುತ್ತದೆಂದು ಬರೆದದ್ದಲ್ಲ. ತಲುಪಿದವೋ ಇಲ್ಲವೋ ಎಂದಷ್ಟೇ ಕೆಲವು ಸಲ ಅನಿಸುತ್ತಿತ್ತು.

ಕರ್ಮ ಧೂಳಿನ ಹಾಗೆ ಅಂಟಿಕೊಳ್ಳುತ್ತದೆ ಎನ್ನುತ್ತಾರೆ ನಮ್ಮ ಹಿರಿಯರು. ಕಿವಿ ಹೋದಾಗ ಡಾಕ್ಟರು ನರ ಅಂದರು. ನಾನು ಬೇರೆ ಅಂದುಕೊಂಡೆ. ಒಂದು ವಿಷಯ ಹೇಳಿದರೆ ನಗಬೇಡಿ. ಪಕ್ಕದ ಮನೆ ಹುಡುಗರು ದೊಡ್ಡ ಸ್ಪೀಕರಿನಲ್ಲಿ ಆ ಹಾಡು ಹಾಕಿದರೆ ನನ್ನ ಕೆಲಸದ ಹಲಗೆಯ ಮೇಲೆ ಅಂಗೈಗೆ ಗೊತ್ತಾಗುತ್ತದೆ. ಬೇರೆ ಯಾವ ಹಾಡೂ ಹಾಗೆ ಗೊತ್ತಾಗುವುದಿಲ್ಲ. ಎಲ್ಲ ಹಾಡೂ ನನ್ನನ್ನು ಬಿಟ್ಟು ಹೋದವು, ಅದೊಂದು ಬಿಟ್ಟು.

ಪುಷ್ಪರಾಜ್


ಅರಸೀಕೆರೆ
13 ಆಗಸ್ಟ್ 2025

ಪುಷ್ಪರಾಜ್ ಅವರೇ,

ಉದಯ ಹೋಗಿ ಇವತ್ತಿಗೆ ಇಪ್ಪತ್ತಮೂರು ವರ್ಷ, ಈ ತಾರೀಕು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಮೂರು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

ಕಾರ್ಡುಗಳು ತಲುಪಿದವು. ಎಲ್ಲವೂ. ಊರಿಗೆ ಹೋದಾಗೆಲ್ಲ ನಾನು ಅವನ್ನು ಅಪ್ಪನ ಕೈಗೆ ಸಿಗದ ಹಾಗೆ ಎತ್ತಿಡುತ್ತಿದ್ದೆ. ಜೈನರು ಹಬ್ಬಕ್ಕೆ ಎಲ್ಲರಿಗೂ ಕಳಿಸುವ ಕಾರ್ಡು, ಹಳೆಯ ಗಿರಾಕಿಗಳ ಪಟ್ಟಿಯಲ್ಲಿ ನಮ್ಮ ವಿಳಾಸವೂ ಉಳಿದುಬಿಟ್ಟಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರತಿ ವರ್ಷವೂ ಅದೇ ಒಂದು ಸಾಲು: ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಕ್ಷಮೆ ಇರಲಿ. ಕೈಬರಹವನ್ನು ಕಂಡೂ ಅಚ್ಚು ಎಂದು ನಂಬಿದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು.

ಈಗ ಅನುಕೂಲವಿಲ್ಲದ ಮಾತು.

ಉದಯನ ವಸ್ತುಗಳನ್ನು ರೈಲ್ವೆ ಪೊಲೀಸರಿಂದ ಸಹಿ ಹಾಕಿ ತೆಗೆದುಕೊಂಡವಳು ನಾನು. ಅಪ್ಪ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ವಾಚು, ಬಸ್ ಪಾಸು, ವಾಕ್‌ಮನ್ ಇದ್ದವು. ವಾಕ್‌ಮನ್‌ನ ಮೂಲೆ ಒಡೆದಿತ್ತು, ಕ್ಯಾಸೆಟ್ಟಿಗೆ ಏನೂ ಆಗಿರಲಿಲ್ಲ. ಬಿ ಸೈಡ್ ಮೇಲಿತ್ತು. ಪ್ಲೇ ಗುಂಡಿ ಒತ್ತಿರಲಿಲ್ಲ, ಟೇಪು ಮುಗಿದರೆ ತಾನೇ ಟಕ್ಕೆಂದು ಮೇಲೇಳುತ್ತದಲ್ಲ, ಹಾಗೆ ಮೇಲೆದ್ದಿತ್ತು. ಟೇಪು ಪೂರ್ತಿ ಒಂದೇ ಕಡೆಗೆ ಸುತ್ತಿಕೊಂಡಿತ್ತು. ಎಡಗಡೆ ಬರೀ ಬಿಳಿ ಚಕ್ರ.

ಹಾಡು ಮುಗಿದಿತ್ತು ಪುಷ್ಪರಾಜ್ ಅವರೇ. ರೈಲು ಬಂದಾಗ ಅವನ ಕಿವಿಯಲ್ಲಿ ಏನೂ ಇರಲಿಲ್ಲ. ಡ್ರೈವರು ಉದ್ದಕ್ಕೂ ಹಾರನ್ ಒತ್ತಿದ್ದ ಎಂದು ಅಲ್ಲಿದ್ದ ಪೇದೆ ಹೇಳಿದ. ಮಧ್ಯಾಹ್ನ ಮೂರೂವರೆ, ಕಣ್ಣು ಕಾಣುವ ಬೆಳಕು. ಹಾಗಾದರೆ ಅವನು ಯಾಕೆ ಪಕ್ಕಕ್ಕೆ ಸರಿಯಲಿಲ್ಲ ಎಂಬ ಪ್ರಶ್ನೆ ಆ ಟೇಬಲ್ಲಿನ ಮುಂದೆಯೇ ನನ್ನ ಮೈಮೇಲೆ ಬಂತು. ಯಾಕೆಂದರೆ ನನಗೆ ಒಂದು ವಿಷಯ ಗೊತ್ತಿತ್ತು. ನಾಲ್ಕು ದಿನ ಮುಂಚೆ ಅವನು ಮೈಸೂರಿಗೆ, ನನ್ನ ಹಾಸ್ಟೆಲ್ಲಿಗೆ ಫೋನ್ ಮಾಡಿದ್ದ. "ಅಕ್ಕ, ಸಾಕಾಗೈತೆ ಕಣೇ" ಅಂದ. "ಎಲ್ಲರಿಗೂ ಸಾಕಾಗಿದೆ ಕಣೋ, ಸುಮ್ನೆ ಓದ್ಕೋ" ಅಂದೆ. ನನ್ನ ಹಿಂದೆ ಫೋನಿಗೆ ಮೂರು ಜನ ಕಾಯುತ್ತಿದ್ದರು. "ಸರಿ ಬಿಡು" ಅಂದು ಇಟ್ಟ.

ನಾನು ಕವಿತೆ ಓದುವವಳು. ಬರೆಯದೆ ಬಿಟ್ಟದ್ದನ್ನೂ ಓದಬೇಕು ಎಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ನನ್ನ ತಮ್ಮನ ಮೂರು ಪದ ಓದಲಾಗಲಿಲ್ಲ.

ಅಪ್ಪ ಅವ್ವ ಇದನ್ನು ಹೊತ್ತು ಬದುಕುವುದಿಲ್ಲ ಅನಿಸಿತು. ವಸ್ತುಗಳ ಪಟ್ಟಿಗೆ ಗುರುತು ಹಾಕಲು ಪೇದೆ ಕೊಟ್ಟ ಪೆನ್ಸಿಲ್ ಕೈಯಲ್ಲೇ ಇತ್ತು. ಅಲ್ಲೇ ಗೋಡೆಯ ಕಡೆ ತಿರುಗಿ ಕ್ಯಾಸೆಟ್ಟಿನ ಹಲ್ಲುಚಕ್ರಕ್ಕೆ ಪೆನ್ಸಿಲ್ ತೂರಿಸಿ ತಿರುಗಿಸಿದೆ. ಎರಡೂ ಕಡೆ ಸಮವಾಗುವ ತನಕ. ಆಮೇಲೆ ಹೊರಗೆ ಹೋಗಿ ಅಪ್ಪನ ಕೈಗೆ ಕೊಟ್ಟು, "ಹಾಡು ಕೇಳ್ತಿದ್ದ ಅಪ್ಪ, ಕೇಳಿಸಿಲ್ಲ ಅವನಿಗೆ" ಅಂದೆ. ಅಪ್ಪ ಅದನ್ನು ನಿಮ್ಮ ಅಂಗಡಿಗೆ ತಂದರು. ಅವರ ಹಿಂದೆ ನಾನು ನಿಂತಿದ್ದೆ. ನೀವು ನನ್ನನ್ನು ಒಮ್ಮೆ ನೋಡಿದಿರಿ. ನಾನು ಗೋಡೆಯ ಮೇಲಿನ ಕ್ಯಾಸೆಟ್ಟುಗಳ ಹೆಸರು ಓದುತ್ತಿದ್ದೆ.

ಅವ್ವ ಇರುವ ತನಕ ಹೇಳುವ ಹಾಗಿರಲಿಲ್ಲ. ಇದು ಕಾರಣ, ಸಮಜಾಯಿಷಿಯಲ್ಲ.

ಬಿ ಸೈಡಿನ ಕೊನೆಯಲ್ಲಿ ಎಷ್ಟು ಜಾಗ ಉಳಿಯುತ್ತಿತ್ತು ಎಂದು ಕೇಳಿದ್ದು ಇದಕ್ಕೇ. ಹಾಡು ಮುಗಿದು ಟೇಪು ನಿಲ್ಲುವ ತನಕ ಅವನು ಎಷ್ಟು ಹೊತ್ತು ಮೌನದಲ್ಲಿ ನಡೆದ ಎಂದು ನನಗೆ ತಿಳಿಯಬೇಕು.

ಮಾಲಿನಿ


ಅರಸೀಕೆರೆ
19 ಸೆಪ್ಟೆಂಬರ್ 2025

ಪುಷ್ಪರಾಜ್ ಅವರೇ,

ನಿಮ್ಮ ಪರ್ವ ಮುಗಿದು ಎರಡು ವಾರವಾಯಿತು ಎಂದು ಕ್ಯಾಲೆಂಡರಿನಲ್ಲಿ ನೋಡಿದೆ. ಕಣಕಟ್ಟೆಯ ಮನೆಯಲ್ಲಿ ಈಗ ಬಾಡಿಗೆಗೆ ಇರುವ ಚನ್ನೇಶನಿಗೆ ಫೋನ್ ಮಾಡಿ ಕೇಳಿದೆ. "ಕಾರ್ಡು? ಇಲ್ಲ ಕಣಕ್ಕ, ಕರೆಂಟ್ ಬಿಲ್ ಬಂದೈತೆ, ಬೇಕಾ?" ಅಂದ.

ಈ ವರ್ಷ ಕಾರ್ಡು ಬಂದಿಲ್ಲ.

ಸರಿ. ಕೇಳುವ ಹಕ್ಕು ನನಗಿಲ್ಲ. ಹೇಮಾಶ್ರೀಗೆ ಲೇಖನ ತಡವಾಗುತ್ತದೆ ಎಂದಿದ್ದೇನೆ.

ಮಾಲಿನಿ


ಹಳೇಬೀಡು
4 ಅಕ್ಟೋಬರ್ 2025

ಮಾಲಿನಿ ಮೇಡಂ ಅವರಿಗೆ ಚಂದ್ರಮತಿ ಮಾಡುವ ನಮಸ್ಕಾರಗಳು.

ನಾನು ಹೆಚ್ಚು ಓದಿದವಳಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ. ನಿಮ್ಮ ಕಾಗದವನ್ನು ಅವರು ನನಗೆ ತೋರಿಸಿರಲಿಲ್ಲ, ನಾನೇ ತೆಗೆದು ಓದಿದೆ. ಗಂಡನಿಗೆ ಬಂದ ಕಾಗದ ಓದಬಾರದು ಅಂತಾರೆ. ಒಂದೂವರೆ ತಿಂಗಳಿಂದ ಮನುಷ್ಯ ಸರಿಯಾಗಿ ಉಣ್ಣುತ್ತಿಲ್ಲ, ಓದದೆ ಏನು ಮಾಡಲಿ?

ನಾನು ಈ ಮನೆಗೆ ಬಂದು ಇಪ್ಪತ್ತೊಂದು ವರ್ಷ. ಒಂದು ದಿನ ರೇಡಿಯೋ ಹಾಕಿದವರಲ್ಲ. ನಮ್ಮ ಮನೆಯಲ್ಲಿ ಮಿಕ್ಸಿಯೇ ಸಂಗೀತ. ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಎದ್ದು ಹೊರಗೆ ಹೋಗುತ್ತಿದ್ದರು. ನಮ್ಮತ್ತೆ, "ಎಂಥಾ ಗಂಡನ್ನ ಕಟ್ಕೊಂಡ್ಯೇ, ಹಾಡಂದ್ರೆ ಹಾವು ಕಂಡಂಗಾಡ್ತಾನೆ" ಅನ್ನುತ್ತಿದ್ದರು. ಕಿವಿ ಹೋದ ದಿನ ನಾನು ಅತ್ತುಬಿಟ್ಟೆ, ಅವರು ಅಳಲಿಲ್ಲ. ಒಳ್ಳೆಯದಾಯಿತು ಅಂದುಬಿಟ್ಟರು. ಅದು ಯಾಕೆ ಅಂತ ಈಗ ಗೊತ್ತಾಯಿತು.

ನಿಮ್ಮ ಮೇಲೆ ನನಗೆ ಸಿಟ್ಟಿದೆ ಮೇಡಂ. ಮುಚ್ಚಿಡುವುದಿಲ್ಲ. ನಿಮ್ಮ ಅಪ್ಪ ಅಮ್ಮನ್ನ ಕಾಪಾಡೋಕೆ ಬೇರೆಯವರ ಮನೆಯ ದೀಪ ಆರಿಸಿದ್ರಿ. ಹಾಗೇ ನಿಮ್ಮ ತಮ್ಮನ ವಿಷಯ ಓದಿ ಸಂಕಟವೂ ಆಯಿತು. ಎರಡೂ ಇದೆ.

ಹೋದ ವಾರ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದರು. ಅದರ ತುಂಬ ಖಾಲಿ ಚೀಟಿ, ಹಳೇ ಕ್ಯಾಸೆಟ್ಟು. ಮುಂದೆ ಹರಡಿಕೊಂಡು ಕೂತಿರುತ್ತಾರೆ. ಲೈಟು ಹತ್ತು ಸಲ ಹಾಕಿ ಆರಿಸಿದರೂ ಏಳುವುದಿಲ್ಲ. ಬರೆಯುತ್ತಾರೆ ಅನಿಸುತ್ತದೆ. ಕಾಯಿರಿ.

ಚಂದ್ರಮತಿ


ಹಳೇಬೀಡು
2 ನವೆಂಬರ್ 2025

ತಂಗಿ ಮಾಲಿನಿ,

ತಡವಾಯಿತು. ಮೊದಲ ಒಂದು ತಿಂಗಳು ಸಿಟ್ಟು ಬಂದಿತ್ತು. ಆಮೇಲೆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಯಾವ ತಪ್ಪಿಗೆ ಕ್ಷಮೆ ಕೇಳುವುದು ಎಂದು ತಿಳಿಯದೆ ಈ ವರ್ಷ ಕಾರ್ಡು ಬರೆಯಲಿಲ್ಲ. ಇಷ್ಟೇ ಅದರ ಅರ್ಥ.

ನೀನು ಕೇಳಿದ್ದಕ್ಕೆ ಉತ್ತರ. ನಲವತ್ತಾರರ ಟೇಪಿನಲ್ಲಿ ಆ ಆಲ್ಬಂ ತುಂಬಿದರೆ ಬಿ ಸೈಡಿನಲ್ಲಿ ನಾಲ್ಕು ನಿಮಿಷ ಉಳಿಯುತ್ತದೆ. ಆದರೆ ಟೇಪನ್ನು ಖಾಲಿ ಬಿಟ್ಟುಕೊಡುವುದು ನಮ್ಮ ಅಂಗಡಿಯ ಪದ್ಧತಿಯಾಗಿರಲಿಲ್ಲ. ಉಳಿದ ಜಾಗಕ್ಕೆ ಏನಾದರೂ ತುಂಬುತ್ತಿದ್ದೆ. ಉದಯನ ಟೇಪಿಗೆ ಮೊದಲನೆಯ ಹಾಡನ್ನೇ ಮತ್ತೆ ತುಂಬಿದ್ದೆ. ಅವನೇ ಕೇಳಿದ್ದ. "ಮುಗೀಬಾರ್ದು ಪುಷ್ಪಣ್ಣ ಅದು, ಸುತ್ತಾ ಇರ್ಬೇಕು" ಅಂದಿದ್ದ. ಎಲ್ಲಕ್ಕಿಂತ ಜೋರಾದ ಹಾಡು ಅದು. ಟೇಪಿನ ಕೊನೆಯ ಇಂಚಿನವರೆಗೂ ಸದ್ದಿತ್ತು. ಅದು ನಿಂತ ಗಳಿಗೆಯೂ ರೈಲು ಬಂದ ಗಳಿಗೆಯೂ ಒಂದೇ ಆಗಿರಬೇಕು.

ಹಾಗಾಗಿ ನಿನ್ನ ತಾಯಿ ಹೇಳುತ್ತಿದ್ದದ್ದೇ ನಿಜ. ಹಾಡು ಕೇಳುತ್ತಾ ಹೋದ. ಅವನಿಗೆ ಗೊತ್ತಾಗಲಿಲ್ಲ. ನಿನ್ನ ಫೋನಿನ ಮಾತಿಗೂ ಅದಕ್ಕೂ ಸಂಬಂಧವಿಲ್ಲ. ನೀನು ಪೆನ್ಸಿಲ್ ತಿರುಗಿಸಿದ್ದರಿಂದ ಸುಳ್ಳೇನೂ ಆಗಲಿಲ್ಲ. ನಿನ್ನ ತಂದೆ ಅಂದದ್ದು ಸರಿಯಾಗಿಯೇ ಇತ್ತು, ನಾನು ಒಪ್ಪಿಕೊಂಡದ್ದೂ ಸರಿಯಾಗಿಯೇ ಇತ್ತು. ಇದು ನನಗೆ ಅಭ್ಯಾಸವಾಗಿದೆ, ಹೊಸದಾಗಿ ಭಾರ ಅನಿಸುವುದಿಲ್ಲ. ನೀನು ಇಳಿಸು.

ಲೇಖನ ಬರೆ. ಆ ಹುಡುಗಿ ಹೇಳಿದ್ದನ್ನು ಬರೆ, ಬುದ್ಧಿ ಹೇಳದ ಹಾಡು ಎಂದು. ನಾನು ಮುನ್ನೂರು ಸಲ ಕೇಳಿಯೂ ಅಷ್ಟು ಚೆನ್ನಾಗಿ ಹೇಳಲಾರೆ.

ಪುಷ್ಪರಾಜ್


ಅರಸೀಕೆರೆ
24 ನವೆಂಬರ್ 2025

ಪುಷ್ಪಣ್ಣ,

ನಿಮ್ಮ ಕಾಗದ ಓದಿ ಎರಡು ದಿನ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಅದಕ್ಕಾಗಿ ಮೊದಲು ವಂದನೆ ಹೇಳುತ್ತೇನೆ. ಮೂರನೆಯ ದಿನ ಬೀರುವಿನಿಂದ ಕ್ಯಾಸೆಟ್ಟು ತೆಗೆದೆ. ಅದು ನನ್ನ ಹತ್ತಿರವೇ ಇದೆ ಎಂದು ನಿಮಗೆ ನಾನು ಬರೆದಿರಲಿಲ್ಲ. ಅಪ್ಪ ಸುಟ್ಟಿರಬೇಕು ಎಂದು ನೀವು ಅಂದುಕೊಂಡಿರಬಹುದು. ಊರಿನಲ್ಲಿ ಆಗ ಎಷ್ಟೋ ಮನೆಗಳಲ್ಲಿ ಒಲೆಗೆ ಹಾಕಿದರು. ಇದನ್ನು ಅವ್ವ ತನ್ನ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದರು.

ಹಾಸನ ರಸ್ತೆಯಲ್ಲಿ ಕುಮಾರಸ್ವಾಮಿ ಎಂಬುವರು ಇನ್ನೂ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ಅವರ ಹತ್ತಿರ ಓಡುವ ಟೇಪ್ ರೆಕಾರ್ಡರ್ ಒಂದಿತ್ತು. "ಏನ್ ಮೇಡಂ, ಭಾವಗೀತೆನಾ?" ಅಂದರು. ಹಾಕಿದ ಮೇಲೆ ಹೆದರಿ ಸದ್ದು ತಗ್ಗಿಸಿದರು. ಬೇಡ, ಇರಲಿ ಅಂದೆ. ಮಧ್ಯಾಹ್ನ ಬಿಸಿಲಿನಲ್ಲಿ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಿ ಸೈಡ್ ಪೂರ್ತಿ ಕೇಳಿದೆ.

ಇಪ್ಪತ್ತಮೂರು ವರ್ಷದ ಮೇಲೂ ಆ ಪಿಸುಮಾತಿಗೆ ನನ್ನ ಕೈ ತಾನಾಗಿ ವಾಲ್ಯೂಮಿನ ಕಡೆ ಹೋಯಿತು. ನೀವು ಹೇಳಿದ ಉಪಾಯ ಗೊತ್ತಿದ್ದೂ ಸಿಕ್ಕಿಬಿದ್ದೆ. ಆದರೆ ನನ್ನನ್ನು ಹಿಡಿದದ್ದು ಕೂಗಲ್ಲ. ಕೂಗಿ ಮುಗಿದ ಮೇಲೆ ಅವನು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ, ಅದು. ಯಾರೂ ಅದನ್ನು ಕತ್ತರಿಸಿ ತೆಗೆದಿಲ್ಲ. ಇಷ್ಟೆಲ್ಲ ಸಿಟ್ಟು ಮಾಡಿಕೊಂಡವನಿಗೂ ಉಸಿರು ಬೇಕು. ಉದಯ "ಅಕ್ಕ, ಅರ್ಥ ಆಗ್ಬೇಕಾಗಿಲ್ಲ, ಸುಮ್ನೆ ಕೇಳೇ" ಎಂದು ಹೆಡ್‌ಫೋನನ್ನು ನನ್ನ ಕಿವಿಗೆ ಹಿಡಿಯುತ್ತಿದ್ದ. ಎರಡು ನಿಮಿಷ ಕೇಳಿ, ತಲೆನೋವು ಕಣೋ ಎಂದು ಕಿತ್ತು ಕೊಡುತ್ತಿದ್ದೆ. ಉಸಿರಿನ ತನಕ ಯಾವತ್ತೂ ಕೇಳಿರಲಿಲ್ಲ.

ಕೊನೆಯ ಹಾಡು ಮುಗಿಯಿತು. ಆಮೇಲೆ ಏನೂ ಇಲ್ಲ ಪುಷ್ಪಣ್ಣ. ಮೊದಲ ಹಾಡು ಮತ್ತೆ ಬರಲಿಲ್ಲ. ಬರೀ ಟೇಪು ಉಜ್ಜುವ ಸದ್ದು. ಕುಮಾರಸ್ವಾಮಿಯವರು, "ಮುಂದೆ ಖಾಲಿ ಐತೆ ಮೇಡಂ, ಆಫ್ ಮಾಡ್ಲಾ?" ಅಂದರು. ಓಡಲಿ ಎಂದೆ. ಗಡಿಯಾರ ನೋಡಿಕೊಂಡು ಕೂತೆ. ನಾಲ್ಕು ನಿಮಿಷ ಹತ್ತು ಸೆಕೆಂಡು. ಅಷ್ಟರಲ್ಲಿ ರಸ್ತೆಯ ಆಟೋ ಕೇಳಿಸಿತು, ಎದುರು ಅಂಗಡಿಯವನ ಜಗಳ ಕೇಳಿಸಿತು. ಆಮೇಲೆ ಸ್ಟೇಷನ್ ಕಡೆಯಿಂದ ಒಂದು ರೈಲಿನ ಹಾರನ್ ಕೇಳಿಸಿತು. ಸ್ಪಷ್ಟವಾಗಿ. ಆಮೇಲೆ ಗುಂಡಿ ಟಕ್ಕೆಂದು ಮೇಲೆದ್ದಿತು.

ನೀವು ಸುಳ್ಳು ಬರೆದಿರಿ. ಆ ಸುಳ್ಳು ಬರೆಯಲು ಎರಡೂವರೆ ತಿಂಗಳು ತೆಗೆದುಕೊಂಡಿರಿ ಎಂದು ಈಗ ಅರ್ಥವಾಗುತ್ತದೆ. ನನ್ನ ಕಾಗದ ನಿಮ್ಮಿಂದ ಇಳಿಸಿದ ಭಾರವನ್ನು ಮತ್ತೆ ಎತ್ತಿ ನಿಮ್ಮ ಹೆಗಲಿಗೆ ಹಾಕಿಕೊಳ್ಳಲು ಹೊರಟಿರಿ. ಆ ಉಪಕಾರವನ್ನು ನಾನು ತೆಗೆದುಕೊಳ್ಳುವುದಿಲ್ಲ. ಒಂದು ಸಲ ತೆಗೆದುಕೊಂಡು ನೋಡಿದ್ದೇನೆ.

ಉದಯ ಬೇಕೆಂದೇ ನಿಂತನೋ, ಯಾವುದೋ ಯೋಚನೆಯಲ್ಲಿ ಮುಳುಗಿದ್ದನೋ ಟೇಪು ಹೇಳುವುದಿಲ್ಲ. ಕಿವಿ ತೆರೆದಿದ್ದೂ ಏನನ್ನೂ ಕೇಳಿಸಿಕೊಳ್ಳದೆ ಕೂತ ಮಕ್ಕಳನ್ನು ನಾನು ದಿನವೂ ತರಗತಿಯಲ್ಲಿ ನೋಡುತ್ತೇನೆ. ಅವನೂ ಹಾಗೆ ನಡೆದಿರಬಹುದು. ಆ ಪ್ರಶ್ನೆ ನನ್ನದು, ನನ್ನ ಹತ್ತಿರವೇ ಇರಲಿ. ಟೇಪು ಹೇಳುವುದು ಒಂದೇ ಮಾತು, ನಿಮ್ಮ ಹಾಡು ಆ ರೈಲನ್ನು ಮುಚ್ಚಲಿಲ್ಲ.

ಲೇಖನ ಮುಗಿಸಿ ಕಳಿಸಿದೆ. ದಿವ್ಯಾಳ ಮಾತು ಬರೆದೆ, ನಿಮ್ಮ ವಾಲ್ಯೂಮಿನ ಮಾತು ಬರೆದೆ, ಅಂಗೈಯಿಂದ ಕೇಳುವ ಒಬ್ಬರ ಬಗ್ಗೆ ಹೆಸರಿಲ್ಲದೆ ಬರೆದೆ. ಕೊನೆಯ ಪ್ಯಾರಾದಲ್ಲಿ ಹೀಗಿದೆ: "ಹುಡುಗನನ್ನು ತಿಂದ ಕ್ಯಾಸೆಟ್ಟು ಎಂದು ನಮ್ಮ ಊರಿನಲ್ಲಿ ಇದಕ್ಕೆ ಹೆಸರಿದೆ. ಆ ಹುಡುಗ ನನ್ನ ತಮ್ಮ. ಕ್ಯಾಸೆಟ್ಟು ಅವನನ್ನು ತಿನ್ನಲಿಲ್ಲ. ಹಾಗೆಂದು ಊರನ್ನು ನಂಬಿಸಿದವಳು ನಾನು." ಹೇಮಾಶ್ರೀ ಫೋನ್ ಮಾಡಿ, "ಮಿಸ್, ಇದು ಇರ್ಬೇಕಾ?" ಎಂದು ಕೇಳಿದಳು. ಇರಬೇಕು ಎಂದೆ. ಮರುದಿನ ತರಗತಿಯಲ್ಲಿ ದಿವ್ಯಾಳಿಗೂ ಹೇಳಿದೆ. ಗಂಟೆ ಹೊಡೆದ ಮೇಲೂ ಅವಳು ಏಳಲಿಲ್ಲ, ನಾನೂ ಏಳಲಿಲ್ಲ. ನಾನು ಬುದ್ಧಿ ಹೇಳಲಿಲ್ಲ.

ನಿಮ್ಮ ಕಾರ್ಡಿನಲ್ಲಿ ಪ್ರತಿ ವರ್ಷ ಗೊತ್ತಿದ್ದೋ ಗೊತ್ತಿಲ್ಲದೆಯೋ ಎಂದಿರುತ್ತಿತ್ತು. ನಾನು ಬರೆದರೆ ಅದರಲ್ಲಿ ಅರ್ಧವನ್ನು ಬಿಡಬೇಕಾಗುತ್ತದೆ. ಗೊತ್ತಿದ್ದೇ ಮಾಡಿದ್ದು. ಅದಕ್ಕೆ ಕ್ಷಮೆ ಕೇಳುತ್ತಿದ್ದೇನೆ, ನಿಮ್ಮಲ್ಲಿ ಮತ್ತು ಚಂದ್ರಮತಿಯವರಲ್ಲಿ. ಅವರ ಸಿಟ್ಟು ಹಾಗೆಯೇ ಇರಲಿ, ಅದು ನ್ಯಾಯವಾದದ್ದು.

ಬರುವ ಭಾನುವಾರ ಜಾವಗಲ್ ಮೇಲಿನ ಬಸ್ಸಿಗೆ ಬರುತ್ತೇನೆ. ಹೊತ್ತು ಮುಳುಗುವುದರ ಒಳಗೆ ನಿಮ್ಮ ಊಟಕ್ಕೆ ತಲುಪುತ್ತೇನೆ. ಕ್ಯಾಸೆಟ್ಟು ತರುತ್ತೇನೆ. ಕುಮಾರಸ್ವಾಮಿಯವರ ಅಂಗಡಿಯಲ್ಲಿ ಕೇಳಿ ಮುಗಿದ ಮೇಲೆ ಅದನ್ನು ತಿರುಗಿ ಸುತ್ತಿಲ್ಲ. ಕೊನೆಯಲ್ಲಿ ಟೇಪು ಸ್ವಲ್ಪ ಸಡಿಲವಾಗಿತ್ತು, ಪೆನ್ಸಿಲ್ ಹಾಕಿ ಎಳೆದು ಬಿಗಿ ಮಾಡಿದೆ. ಎಲ್ಲ ಒಂದೇ ಕಡೆಗೆ ಬಂದಿದೆ, ಎಡಗಡೆ ಬರೀ ಬಿಳಿ ಚಕ್ರ. ಅದು ನನ್ನ ಕೈಗೆ ಬಂದಾಗ ಹೇಗಿತ್ತೋ ಹಾಗೆಯೇ ನಿಮ್ಮ ಕೈಗೆ ಕೊಡುತ್ತೇನೆ.

ಮಾಲಿನಿ